ಹದಿನಾರು ತಾಸು

ಇದು ನೀರಿಗೆ ಬಿಡುವ ಬಣ್ಣವಲ್ಲ.
ನೆನೆಹಾಕು, ಕುದಿಸು, ಕಿವುಚು,
ನೀರು ಒಂದಿಷ್ಟು ಕದಡುತ್ತದೆ, ಅಷ್ಟೇ.
ಕೆಂಪು ಸಿಪ್ಪೆಯೊಳಗೇ ಕೂತಿರುತ್ತದೆ,
ಒಡಪು ಹೇಳೆಂದರೆ
ಸೆರಗು ಕಚ್ಚಿ ಕೂತ ಮದುಮಗಳ ಹಾಗೆ.

ಬ್ಯಾಡಗಿಯಲ್ಲಿ, ಮೋಟೆಬೆನ್ನೂರ ರಸ್ತೆಗೆ,
ತಗಡಿನ ಕಾರ್ಖಾನೆಯ ಮಗ್ಗುಲ ಕೋಣೆಯಲ್ಲಿ
ನನ್ನ ಕೆಲಸ ಇಷ್ಟು:
ಮೆಣಸಿನಪುಡಿ ತೂಗುವುದು, ಗ್ರಾಮಿನ ಹತ್ತನೇ ಪಾಲು
(ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆ),
ಉದ್ದಕೊರಳಿನ ಕುಪ್ಪಿಗೆ ಸುರಿದು
ಗೆರೆ ಮುಟ್ಟುವವರೆಗೆ ಅಸಿಟೋನು ಹೊಯ್ದು
ಬಿರಡೆ ಒತ್ತಿ
ಕತ್ತಲ ಕಪಾಟಿನಲ್ಲಿ ಹದಿನಾರು ತಾಸು ಇಟ್ಟುಬಿಡುವುದು.
ಮರುದಿನ ಬಾಗಿಲು ತೆರೆದರೆ
ಒಂದೊಂದು ಅಡತಿಯ ಮಾಲೂ ಸಾಲಾಗಿ ನಿಂತು
ಹೊಳೆಯುತ್ತಿರುತ್ತದೆ, ಪುಡಿ ಬಿಳಿಚಿ ತಳಕ್ಕಿಳಿದು.
ನೀಲಿ ಬೆಳಕು ಹಾಯಿಸುತ್ತೇನೆ.
ಎಷ್ಟು ನುಂಗಿತೋ ಅಷ್ಟು ದರ.

ಕೊಟ್ರಬಸಪ್ಪ ಸಾವುಕಾರರು ನನ್ನ ಯಂತ್ರ ನಂಬುವುದಿಲ್ಲ.
ಒಂದು ಕಾಯಿ ಮುರಿದು, ತಲೆಯ ಟೋಪಿ ತೆಗೆದು,
ಎಣ್ಣೆ ಹತ್ತಿದ ಒಳಮಗ್ಗುಲಿಗೆ ತಿಕ್ಕಿ ನೋಡಿ
"ನೂರಾ ಐವತ್ತೈದು" ಎನ್ನುತ್ತಾರೆ.
ಯಂತ್ರ ಹೇಳಿದ್ದು ನೂರಾ ಐವತ್ತೆಂಟು.
ಇಪ್ಪತ್ತು ಸುಗ್ಗಿ ಆ ಟೋಪಿಯೊಳಗೆ ಗೆರೆಗೆರೆಯಾಗಿ ಕೂತಿವೆ.
ಅದನ್ನು ಒಗೆಯಲು ಮನೆಯಲ್ಲಿ ಯಾರಿಗೂ ಪರವಾನಗಿ ಇಲ್ಲ.

ಗೋಡೆಯಾಚೆ ಆಳೆತ್ತರದ ಹಂಡೆಗಳು. ಹೆಕ್ಸೇನು
ಮೆಣಸಿನ ಮೇಲಿಂದ ಇಳಿದು, ಬಣ್ಣ ಹೊತ್ತು,
ಕಾಯಿಸಿದೊಡನೆ ಹೊತ್ತದ್ದನ್ನು ಅಲ್ಲೇ ಇಳಿಸಿ
ಆವಿಯಾಗಿ ಏರಿ, ತಣ್ಣನೆಯ ಕೊಳವೆಯಲ್ಲಿ ಹನಿಯಾಗಿ
ನಾಳಿನ ಪಾಳಿಗೆ ಮತ್ತೆ ಹಾಜರು.
ಉಳಿದದ್ದು ಕಾಕಂಬಿಯಷ್ಟು ಮಂದ,
ಕಪ್ಪೆನ್ನುವಷ್ಟು ಕೆಂಪು.
ಪೀಪಾಯಿ ತುಂಬಿ ಹೋಗುತ್ತದೆ
ಯಾರ ತುಟಿಗೋ, ಯಾವ ದೇಶದ ಕೋಳಿಯ ಮೊಟ್ಟೆಗೋ.
"ಬಂದ ಗುರುತು ಉಳಿಸದೆ ಹೋಗಬೇಕು,
ಅದು ದ್ರಾವಕ" ಎನ್ನುತ್ತಾರೆ ಮ್ಯಾನೇಜರು.

ಅವ್ವ ಫಕ್ಕೀರವ್ವ ಪ್ಯಾಟಿಯಲ್ಲಿ ತುಂಬು ಬಿಡಿಸುತ್ತಾಳೆ, ಕಿಲೋ ಲೆಕ್ಕ.
ಉಗುರಿನ ಬುಡದಲ್ಲಿ ಕೆಂಪು ಯಾವತ್ತೂ ಹೋದದ್ದಿಲ್ಲ.
ಸಂಜೆ ಬಂದವಳೇ ಕೈಗೆ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿ,
ಅರಿವೆಗೆ ಒರೆಸಿ, ಆಮೇಲೆ ನೀರು ಮುಟ್ಟುತ್ತಾಳೆ.
"ಮೊದಲ ನೀರು ಹಾಕಿದ್ರ ಉರಿ ಹೋಗಂಗಿಲ್ಲವಾ,
ಮೈತುಂಬ ತಿರಗತೈತಿ."
ಹಾವೇರಿಯ ಕಾಲೇಜಿನಲ್ಲಿ ಇದನ್ನೇ ನಾನು
ಎರಡು ಪುಟ ಬರೆದು
ಎಂಟು ಅಂಕ ತಗೊಂಡೆ, ಹತ್ತಕ್ಕೆ.

ಒಂದು ಸಂಜೆ ಆ ಅರಿವೆಯನ್ನೇ ಕದ್ದು ಒಯ್ದೆ.
ಕುಪ್ಪಿಯ ಬಾಯಿಗೆ ಹಿಡಿಸಲಿಲ್ಲ, ಬೀಕರಿಗೆ ತುರುಕಿ
ಮೇಲೊಂದು ತಟ್ಟೆ ಮುಚ್ಚಿದೆ.
ಕತ್ತಲು. ಹದಿನಾರು ತಾಸು.
ಅಂಕಿ ಬಂತು.
ಯಾವ ವಹಿಯಲ್ಲೂ ಬರೆಯಲಿಲ್ಲ.

ತಂತಿಯ ಮೇಲೆ ಗಾಳಿಗೆ ಹಾಕಿ ಮನೆಗೆ ತಂದಾಗ
ಅರಿವೆ ಹೆಚ್ಚುಕಡಿಮೆ ಬಿಳಿ.
ಅವ್ವ ನೋಡಲಿಲ್ಲ, ಹೆಗಲಿಗೆ ಹಾಕಿಕೊಂಡು
ಹಾಲು ಹಿಂಡಲು ಕೂತಳು.
ಎಮ್ಮೆ ಒಮ್ಮೆ ಮೂಸಿ
ತಂಬಿಗೆ ಒದ್ದಿತು.

ಹಿತ್ತಲಿಂದ ದನಿ:
"ಇದು ಯಾರ ಅರಿವಿಬೇ?"