ಆರು ಗಂಟೆ, ಒಂದು ಗಂಟೆ

ಫಿಲಡೆಲ್ಫಿಯಾದಲ್ಲಿ ನನಗೆ ಸಿಗುವುದು ಆರು ಗಂಟೆ.
ಶನಿವಾರ ರಾತ್ರಿ ಇಳಿದರೆ ಸೋಮವಾರ ಅವರ ಎರಕದ ಕಾರ್ಖಾನೆ,
ಮಂಗಳವಾರ ವಾಪಸು.
ನಡುವಿನ ಭಾನುವಾರದಲ್ಲಿ ನಿದ್ದೆ, ಸ್ನಾನ,
ದಾರಿ ತಪ್ಪುವುದಕ್ಕೊಂದಿಷ್ಟು ಕಳೆದು
ಹಿಟ್ಟಿನ ಗಿರಣಿಯ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದ್ದೇನೆ:
ಆರು.

ಭೋಸರಿಯ ನಮ್ಮ ಎರಡು ಕೋಣೆಯೊಳಗೆ
ಈಗ ಎಲ್ಲರೂ ಆ ಊರು ಬಲ್ಲವರೇ.
ಹಳೇ ಪೇಟೆ, ಎಲ್ಲ ಕಾಲಳತೆ, ಒಳ್ಳೆ ಬೂಟಿರಲಿ,
ಅಂತ ದೇವಧರ್ ಸಾಹೇಬರು.
ತುಳಶಿಬಾಗಿನ ಸ್ವೆಟರು ಅಲ್ಲಿಯ ಚಳಿಗೆ ಸೊಳ್ಳೆಪರದೆ,
ಅಂತ ನಾದಿನಿ ಸುಲಭಾ.
ಋತುಜಾ ನಕಾಶೆ ಬರೆದು ಗೋಡೆಗೆ ಹಚ್ಚಿದ್ದಾಳೆ:
ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್.
ಅಡವಿ ಕಡಿದು ಹೆಸರು ನೆಟ್ಟಿದ್ದಾರಲ್ಲೇ, ಅಂದೆ.
ನಮ್ಮದೇನು ಕಡಿಮೆಯಾ ಅವ್ವಾ,
ಪುಣೆಯಲ್ಲಿ ಬುಧವಾರ ದಾಟಿದರೆ ಶುಕ್ರವಾರ,
ಗುರುವಾರ ಎಲ್ಲೋ ಪಕ್ಕದ ಓಣಿಯಲ್ಲಿ.

ಆರು ಗಂಟೆ ಕೊಟ್ಟರೆ ಒಂದೇ ಗಂಟೆ ನೋಡಿ ಬರ್ತೀಯೇನು,
ಚನ್ನವೀರ ತನ್ನ ಮಾತಿಗೆ ತಾನೇ ನಕ್ಕ.
ಅದೂ ಒಡೆದದ್ದು. ಬಾರಿಸೋದೂ ಇಲ್ಲವಂತೆ.

ಹೌದು, ಅದೊಂದೇ.

ಹದಿನೇಳು ವರ್ಷದಿಂದ ಬಿರುಕು ಕೇಳುವುದೇ ನನ್ನ ಕೆಲಸ.
ಎರಕದ ಮೈಗೆ ಎಣ್ಣೆ ಸವರಿ, ಗುಂಡಿಯಷ್ಟು ಯಂತ್ರ ಒತ್ತಿ
ಪರದೆಯ ಮೇಲೊಂದು ಹಸಿರು ಮುಳ್ಳು ಏಳುತ್ತದೋ ನೋಡುವುದು.
ಅದಕ್ಕೂ ಮೊದಲು ಅಕ್ಕಲಕೋಟೆಯ ಸಂತೆಯಲ್ಲಿ
ಅಜ್ಜಿ ಕುಂಬಾರನೆದುರು ಕುಕ್ಕರಗಾಲಲ್ಲಿ ಕೂತು
ಗಡಿಗೆಗೆ ಬೆರಳ ಗಿಣ್ಣಿಂದ ಬಡಿದು, ಕಿವಿ ಕೊಡು, ಅನ್ನುತ್ತಿದ್ದಳು,
ಇದು ಸುಳ್ಳು ಹೇಳಾಕತ್ತೈತಿ.

ಆ ಗಂಟೆಯ ಬಗ್ಗೆ ಓದಿದ್ದೇನೆ.
ಚಿತ್ರದಲ್ಲಿ ಎಲ್ಲರೂ ನೋಡುವ ಆ ಅಗಲ ಸೀಳು ಬಿರುಕಲ್ಲ, ರಿಪೇರಿ.
ಅಂಚಿಗೆ ಅಂಚು ಉಜ್ಜಿ ಇನ್ನಷ್ಟು ಹರಿಯಬಾರದೆಂದು
ಬೇಕೆಂದೇ ಅರದಿಂದ ತೀಡಿ ಬಿಡಿಸಿದ್ದು.
ಆದರೂ ಕೂದಲೆಳೆಯಂಥದೊಂದು ಅಲ್ಲಿಂದ ತಪ್ಪಿಸಿಕೊಂಡು
ಮೇಲೆ ಹತ್ತಿ ಹೋಗಿದೆಯಂತೆ.
ಅದನ್ನು ಯಾರೂ ಫೋಟೊ ತೆಗೆಯುವುದಿಲ್ಲ.

ಒಂದು ಸಲ ಹಸಿರು ಮುಳ್ಳು ಅಲುಗಿತ್ತು.
ಎದ್ದಿರಲಿಲ್ಲ, ಅಲುಗಿತ್ತು ಅಷ್ಟೇ.
ಹೊರಗೆ ಲಾರಿ ಹಾರನ್ ಹೊಡೆಯುತ್ತಿತ್ತು. ಸಹಿ ಹಾಕಿದೆ.
ನಾಲ್ಕು ತಿಂಗಳಿಗೆ, ಎಲ್ಲೋ ಒಂದು ಸಕ್ಕರೆ ಕಾರ್ಖಾನೆಯಲ್ಲಿ
ಆ ಪಂಪು ಒಡೆದು ಮುಸ್ತಫಾನ ಎರಡು ಬೆರಳು.
ತನಿಖೆಯಲ್ಲಿ ತಪ್ಪು ಯಾರದೂ ಆಗಲಿಲ್ಲ.
ಈದಿಗೆ ಫೋನ್ ಮಾಡುತ್ತೇನೆ, ಮಕ್ಕಳ ಶಾಲೆ ಕೇಳುತ್ತೇನೆ,
ಮಳೆ ಕೇಳುತ್ತೇನೆ.
ಅವನೇ ಒಮ್ಮೆ ಅಂದ: ಅಕ್ಕಾ, ಮೂರರಲ್ಲೂ
ಚಹಾದ ಲೋಟ ನಿಲ್ಲುತ್ತದೆ.

ಹೀಗಾಗಿ, ಒಂಬತ್ತಕ್ಕೆ ಸಾಲಿನಲ್ಲಿ ನಿಲ್ಲುತ್ತೇನೆ.
ಒಳಗೆ ಹೋಗಿ ಎಡದಿಂದ ಒಂದು ಸುತ್ತು, ಬಲದಿಂದ ಒಂದು.
ಮುಟ್ಟಬಾರದು, ಗೊತ್ತು. ಬಡಿಯಬಾರದು.
ಎಳೆ ಎಲ್ಲಿಗೆ ಮುಗಿಯುತ್ತದೆ ಎಂದಷ್ಟೇ ಹುಡುಕುತ್ತೇನೆ,
ಹಿಂದಿನವರು ಸರಿಯಿರಿ ಅನ್ನುವವರೆಗೆ.
ಆಮೇಲೆ ನದಿಯಾದರೂ ಸರಿ, ಬೆಂಚಾದರೂ ಸರಿ.

ಚೀಟಿಯ ಕೆಳಗೆ ತರಬೇಕಾದ್ದು ಬರೆದೆ:
ಋತುಜಾಗೆ ಬಣ್ಣದ ಪೆನ್ಸಿಲು. ಸುಲಭಾಗೆ ದಪ್ಪ ಸ್ವೆಟರು,
ಅಲ್ಲಿನದೇ, ಬಾಯಿ ಮುಚ್ಚಲಿ.
ಮುಸ್ತಫಾಗೆ ಕೈಗವಸು.
ಬರೆದ ಮೇಲೆ ಕಂಡಿತು. ಗೀಚಿಹಾಕಿದೆ.
ಆ ಜಾಗ ಹಾಗೇ ಇದೆ.

ರಾತ್ರಿ ಹನ್ನೊಂದು. ಪೆಟ್ಟಿಗೆ ಇಪ್ಪತ್ತೆರಡೂವರೆ ಕಿಲೋ.
ಮುಚ್ಚಿ, ಅಭ್ಯಾಸದಿಂದ, ಬೆರಳ ಗಿಣ್ಣಿಂದ ಒಮ್ಮೆ ಬಡಿದೆ.
ಪ್ಲಾಸ್ಟಿಕ್ಕು.
ಏನೂ ಹೇಳಲಿಲ್ಲ.