ಐದು, ಒಂಬತ್ತು

ಹಗಲೆಲ್ಲ ನಾಪೋಕ್ಲು ಬಸ್‌ಸ್ಟ್ಯಾಂಡಿನ ಎದುರು
ಊರವರ ಮೊಬೈಲು ಬಿಚ್ಚಿಕೊಂಡು ಕೂರುವವನು ನಾನು.
ಒಡೆದ ಗಾಜು, ನೀರು ಕುಡಿದ ಸ್ಪೀಕರು,
ಹೊಟ್ಟೆ ಊದಿದ ಬ್ಯಾಟರಿ.
ಅಂಥವನ ಸೊಂಟದಲ್ಲಿ ಇಟ್ಟಿಗೆಯಂಥ ಸೆಟ್ಟು ಯಾಕೆ?
ಪೊಲೀಸಿಗೆ ಸೇರಿದೆಯಾ ಅಂದ ಮೀನಿನ ಹಂಝ.
ಆನೆ ಓಡಿಸಲಿಕ್ಕಾ ಅಂದರು ಜೇನು ಸೊಸೈಟಿಯವರು.
ಅಲ್ಲ, ಪರೀಕ್ಷೆ ಬರೆದು ಪಾಸಾದದ್ದಕ್ಕೆ ಎಂದೆ.
ನಲವತ್ತಾರರಲ್ಲಿ ಪರೀಕ್ಷೆ!
ನಕ್ಕರು. ನಗಲಿ.

ಹದಿನಾಲ್ಕು ತಿಂಗಳು ಕಾದ ಮೇಲೆ ದಿಲ್ಲಿಯಿಂದ ಬಂತು ಕರೆಹೆಸರು:
ಐದು ಅಕ್ಷರ, ನಡುವೆ ಒಂದು ಅಂಕಿ.
ಇಲ್ಲಿ ಬರೆಯಲಾರೆ,
ಅದು ಗಾಳಿಗೆ ಹೇಳುವ ಹೆಸರು.

ಕಣಿವೆಯಲ್ಲಿ ಸೆಟ್ಟು ಕೆಲಸಕ್ಕೆ ಬಾರದು.
ಕಕ್ಕಬ್ಬೆಯ ನಮ್ಮ ಅಂಗಳದಲ್ಲಿ ನಿಂತು ಗುಂಡಿ ಒತ್ತಿದರೆ
ಮಾತು ಎದುರು ಗುಡ್ಡಕ್ಕೆ ಬಡಿದು
ಅಲ್ಲೇ ತೋಡಿಗೆ ಬೀಳುತ್ತದೆ.
ಹಾಗಾಗಿ ಭಾನುವಾರ ಸಂಜೆ ಹತ್ತುತ್ತೇನೆ,
ಜಿಗಣೆಗೆ ಉಪ್ಪಿನ ಗಂಟು, ಜೇಬಲ್ಲಿ ಇನ್ನೊಂದು ಬ್ಯಾಟರಿ.
ಬೋಳುಕಲ್ಲಿನ ಮೇಲೆ ನಿಂತರೆ
ಪಡುವಣಕ್ಕೆ ನಮ್ಮ ನೆಲ ತಟ್ಟನೆ ಮುಗಿದು
ಕೆಳಗೆಲ್ಲ ಕೇರಳ.

ಅಲ್ಲಿ, ಕಡಲ ಬದಿಗೆ, ಪಯ್ಯನ್ನೂರಿನ ಪವಿತ್ರನ್.
ಬಸ್ ಕಂಡಕ್ಟರು. ತಾರಸಿ ಮೇಲೆ ತಾಮ್ರದ ಕೊಳವೆ ನೆಟ್ಟುಕೊಂಡವನು.
ಮೂರು ವರ್ಷದ ಸ್ನೇಹ, ಮುಖ ಕಂಡಿಲ್ಲ.
ವ್ಯಾಪಾರ ಮಾತಾಡಬಾರದು, ರಾಜಕೀಯ ಕೂಡದು,
ದೇವರೂ ಕೂಡದು ಎಂದು ನಿಯಮ.
ಕರಿಮೆಣಸಿನ ರೇಟು ನಾಲಿಗೆ ತುದಿಗೆ ಬಂದಾಗ
ನಾನಿಲ್ಲಿ ನುಂಗುತ್ತೇನೆ, ಅವನಲ್ಲಿ ಕೆಮ್ಮುತ್ತಾನೆ.
ಉಳಿದದ್ದು ಒಂದೇ ವಿಷಯ:
ನಾನು ನಿನಗೆ ಹೇಗೆ ಕೇಳುತ್ತಿದ್ದೇನೆ?
ಚೆನ್ನಾಗಿ. ಐದು, ಒಂಬತ್ತು. ನಾನು?
ನೀನೂ ಐದು, ಒಂಬತ್ತು.
ಇಷ್ಟು ಹೇಳಲು ಬೆಟ್ಟ ಹತ್ತಬೇಕೇ ಎಂದರೆ
ಹತ್ತಬೇಕು.

ಗುಂಡಿ ಒತ್ತಿದಾಗ ನಾನು ಕಿವುಡ,
ಬಿಟ್ಟಾಗ ಮೂಗ.
ಎರಡೂ ಒಟ್ಟಿಗೆ ಆಗದು ಈ ಯಂತ್ರಕ್ಕೆ.
ಇಪ್ಪತ್ತು ವರ್ಷದ ಸಂಸಾರದಲ್ಲಿ ಇದು ಗೊತ್ತಿರಲಿಲ್ಲ,
ಒತ್ತಿ ಹಿಡಿದೇ ಇದ್ದೆ.

ಹೋದ ವರ್ಷದಿಂದ ಹಳೆಯ ಸೆಟ್ಟನ್ನು
ಅಕ್ಕಿ ಡಬ್ಬದ ಮೇಲೆ ಚಾಲೂ ಇಟ್ಟು ಹೋಗುತ್ತೇನೆ.
ಬೊಳ್ಳಮ್ಮ ಕೇಳಬಹುದು, ಗುಂಡಿ ಮುಟ್ಟುವಂತಿಲ್ಲ.
"ಬಾಯಿ ಮುಚ್ಚಿ ಕೇಳಲಿಕ್ಕೆ
ನನಗೆ ಯಾವ ಪರೀಕ್ಷೆಯೂ ಬೇಡ" ಅಂದಳು.
ಪವಿತ್ರನ್ ಅವಳಿಗೆ ಕೇಳಿಸುವುದಿಲ್ಲ, ಬೆಟ್ಟ ಅಡ್ಡ;
ನನ್ನ ಅರ್ಧ ಮಾತ್ರ ಕೇಳುತ್ತಾಳೆ.
ಕೊನೆಗೆ ನಾನು, ಇಳಿಯುತ್ತಿದ್ದೇನೆ, ಎನ್ನುತ್ತೇನೆ.
ಕೆಳಗೆ ಜಗಲಿಯ ದೀಪ ಒಮ್ಮೆ ಆರಿ ಹತ್ತಿದರೆ, ಕೇಳಿತು.
ಎರಡು ಸಲವಾದರೆ, ಬರುವಾಗ ಹಾಲು ತಾ.
ನನ್ನ ಸೆಟ್ಟು ಐದು ವ್ಯಾಟ್,
ಅವಳ ಬಲ್ಬು ಒಂಬತ್ತು.

ಮೊನ್ನೆ, ಬ್ಯಾಟರಿ ಬದಲಿಸುವಷ್ಟರಲ್ಲಿ
ಮಂಜು ಕಣಿವೆಯನ್ನು ಪೂರಾ ತುಂಬಿತ್ತು.
ನನ್ನ ದನಿಗೆ ಮಂಜೆಂದರೆ ಏನೂ ಅಲ್ಲ, ದಾಟುತ್ತದೆ.
ಬೆಳಕಿಗೆ ಆಗುವುದಿಲ್ಲ.
ಇಳಿಯುತ್ತಿದ್ದೇನೆ ಎಂದೆ. ಬಿಳಿ.
ಮತ್ತೆ ಎಂದೆ. ಬಿಳಿ.
ಕಾದೆ.

ಆಗ ಸೆಟ್ಟಿನ ನೆತ್ತಿಯ ಹಸಿರು ಚುಕ್ಕೆ ಹೊತ್ತಿತು.
ಮಾತಿಲ್ಲ. ಯಾರೋ ಗುಂಡಿ ಒತ್ತಿ ಹಿಡಿದಿದ್ದಾರೆ.
ಆವಿಗೆ ಮುಚ್ಚಳ ಅದುರುವ ಸದ್ದು,
ಯಾವುದೋ ನಾಯಿ, ದೂರದಲ್ಲಿ,
ತುಂಬ ಹತ್ತಿರದಲ್ಲಿ ಒಂದು ಉಸಿರು.
ನಾಲ್ಕು ಸೆಕೆಂಡು. ಆರಿತು.

ಸಂಪರ್ಕವಾದರೆ ಪುಸ್ತಕದಲ್ಲಿ ದಾಖಲಿಸಬೇಕು.
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬರೆದೆ:
ಹೊತ್ತು ಆರು ಐವತ್ತೆರಡು.
ಕರೆಹೆಸರು, ಖಾಲಿ.
ಕೇಳಿಸಿದ ಬಗೆ, ಐದು, ಒಂಬತ್ತು.

ಮನೆಗೆ ಬಂದಾಗ ಸೆಟ್ಟು ಅಕ್ಕಿ ಡಬ್ಬದ ಮೇಲೇ ಇತ್ತು,
ಮುಖ ಮಾತ್ರ ಗೋಡೆಯ ಕಡೆಗೆ.
ಬೊಳ್ಳಮ್ಮ ಕಡಂಬುಟ್ಟಿನ ಪಾತ್ರೆ ಇಳಿಸುತ್ತಾ
"ಹಾಲೆಲ್ಲಿ?" ಅಂದಳು,
"ಎರಡು ಸಲ ಆರಿಸಿದೆನಲ್ಲ."