ಹಡಗು ಇತ್ತು

ಫೆಬ್ರವರಿ. ಹೀಯುಮಾ ದ್ವೀಪದ ಸುತ್ತ ಕಡಲು ಅರ್ಧ ನೀರು, ಅರ್ಧ ಗಡ್ಡೆ.
ಹೆಲ್ತೆರ್ಮಾ ಬಂದರಿನ ಪರದೆಯ ಮೇಲೆ
ಬೆಳಗಿನ ಏಳೂವರೆಗೆ ಒಂದೇ ಸಾಲು:
ಇಂದು ಹಡಗುಗಳಿಲ್ಲ.

ಹೆಲ್ವಿ ಓದಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು.
ಆಚೆ ದಡದ ತಂಗಿಗೆಂದು ಬೇಯಿಸಿದ ರೈ ಬ್ರೆಡ್ಡು
ಚೀಲದಲ್ಲಿ ಇನ್ನೂ ಬೆಚ್ಚಗಿತ್ತು.
ಬಂದ ಬಸ್ಸಿನಲ್ಲೇ ಹಿಂದಿರುಗಿದಳು.
ಎರಡನೇ ತಿರುವಿನಲ್ಲಿ ಕೇಳಿಸಿತಂತೆ,
ಎಂಟಕ್ಕೆ ಸರಿಯಾಗಿ, ಹಡಗಿನ ಕೂಗು.

ಅವಳ ದೂರು ನನ್ನ ಮೇಜಿಗೆ ಬಂದದ್ದು ಹತ್ತು ದಿನಕ್ಕೆ,
ಕಾಗದದಲ್ಲಿ, ಅಂಚೆಚೀಟಿ ಹಚ್ಚಿ.
"ಹಡಗು ಇತ್ತು." ಅಷ್ಟೇ. ಕೆಳಗೆ ಸಹಿ.

ಲಾಗ್ ತೆರೆದೆ.
ಏಳು ಇಪ್ಪತ್ತೊಂಬತ್ತಕ್ಕೆ ತಾಲಿನ್ನಿನ ಸರ್ವರ್ ಹೇಳಿತ್ತು: ಐನೂರ ಮೂರು.
ಅಂದರೆ, ಈಗ ಕೈ ಬಿಡುವಿಲ್ಲ, ಮೂವತ್ತು ಸೆಕೆಂಡು ಬಿಟ್ಟು ಬಾ.
ಅಷ್ಟು ಮರ್ಯಾದೆಯಾಗಿ ಹೇಳಿದ್ದನ್ನು
ಫೆಚ್ ಗೆಲುವೆಂದೇ ಹೊತ್ತು ತಂದಿತು.
ಅದರ ಲೆಕ್ಕದಲ್ಲಿ ಬಾಗಿಲು ತೆರೆದರೆ ಸಾಕು,
ಒಳಗಿನವರು ಬೈದರೋ ಕರೆದರೋ ಅದಕ್ಕೇನು.
ಜೇಸನ್‌ಗೆ ಬಾಯ್ತೆರೆದು ನಿಂತ ನನ್ನ ಕೋಡಿಗೆ
ಸಿಕ್ಕಿದ್ದು ಕ್ಷಮೆ ಕೇಳುವ ಎಚ್‌ಟಿಎಂಎಲ್ ಪುಟ;
ಮೊದಲ ಅಕ್ಷರವೇ ಗಂಟಲಿಗೆ ಅಡ್ಡ ಬಂತು.

ಅಲ್ಲೊಂದು ಕ್ಯಾಚ್ ಇತ್ತು.
ಬರೆದವಳು ನಾನೇ, ಲೇಲೊ ರೊಹ್ತ್ಲಾ, ನಾಲ್ಕು ವರ್ಷದ ಹಿಂದೆ,
ಒಂದು ಶುಕ್ರವಾರ, ಸೌನಾಗೆ ಹೊತ್ತಾಯಿತೆಂದು.
ಹಿಡಿ ಎಂದು ಹೆಸರಿಟ್ಟು, ಹಿಡಿದದ್ದನ್ನೆಲ್ಲ
ತೂತಿನಿಂದ ಕೆಳಗೆ ಬಿಟ್ಟಿದ್ದೆ;
ಕೇಳಿದವರ ಕೈಗೆ ಖಾಲಿ ಪಟ್ಟಿ ಇಟ್ಟಿದ್ದೆ.
ನಾಲ್ಕು ವರ್ಷ ಯಾರಿಗೂ ಒಂದು ತಪ್ಪು ಕಾಣಲಿಲ್ಲ.
ನನ್ನ ಲೈಬ್ರರಿ ಗಟ್ಟಿ ಅಂತ ಹೆಸರಾಯಿತು.

ಸರ್ವರ್ ಹೇಳಿದ್ದರ ಸಾರ ಇಷ್ಟೆ: ನನಗೀಗ ಗೊತ್ತಿಲ್ಲ.
ನನ್ನ ಖಾಲಿ ಆವರಣ ಅದರ ಗೊತ್ತನ್ನು ನುಂಗಿ
ಉಳಿದ ಇಲ್ಲವನ್ನು
ಪರದೆಗೆ ಕೊಟ್ಟಿತ್ತು.

ಅಂದು ರಾತ್ರಿ ಕೂತು ತಿದ್ದಿದೆ.
ನಾನೂರರ ಮನೆತನದ್ದು ಬಂದರೆ ಕೇಳಿದ್ದೇ ತಪ್ಪು, ಸುಮ್ಮನೆ ಮತ್ತೆ ಕೇಳಬೇಡ.
ಐನೂರರದ್ದಾದರೆ ಕಾದಿರು: ಒಂದು ಸೆಕೆಂಡು, ಎರಡು, ನಾಲ್ಕು, ಎಂಟು,
ಮೇಲೊಂದು ಚಿಟಿಕೆ ಏರುಪೇರು;
ಇಲ್ಲದಿದ್ದರೆ ಬಂದರುಗಳೆಲ್ಲ ಒಟ್ಟಿಗೇ ಕದ ಬಡಿದು
ಆಗತಾನೇ ಎದ್ದು ಕೂತದ್ದನ್ನು ಮತ್ತೆ ಮಲಗಿಸುತ್ತವೆ.
ಅದೇ ಹೇಳಿದ್ದರೆ ಎಷ್ಟು ಹೊತ್ತೆಂದು, ಅಷ್ಟು ಹೊತ್ತು.
ಟಿಕೆಟ್ ಕೊಳ್ಳುವ ಕರೆಗೆ ಮಾತ್ರ ಮರುಯತ್ನ ಬೇಡ,
ಉತ್ತರ ಬಾರದಿದ್ದರೂ ದುಡ್ಡು ಹೋಗಿರಬಹುದು.
ಐದನೆಯ ಸಲವೂ ಸೋತರೆ ಎಸೆ,
ಸಂಖ್ಯೆ ಸಮೇತ, ಕರೆದವರ ಮುಖಕ್ಕೇ.

ವಾರದೊಳಗೆ ಮೂರು ಬಂದರುಗಳಿಂದ ಫೋನು:
ನಿನ್ನ ಹೊಸ ಆವೃತ್ತಿ ಕೆಟ್ಟಿದೆ, ತಪ್ಪು ತೋರಿಸುತ್ತಿದೆ.
ಹೌದು, ತೋರಿಸುತ್ತಿದೆ, ಎಂದೆ.

ಈಗ ಕೆಲವು ಬೆಳಿಗ್ಗೆ ಪರದೆ ಹೇಳುತ್ತದೆ:
ವೇಳಾಪಟ್ಟಿ ಸಿಕ್ಕಿಲ್ಲ. ಕಿಟಕಿಯಲ್ಲಿ ವಿಚಾರಿಸಿ.
ಕಿಟಕಿಯಲ್ಲಿ ಉರ್ಮಸ್ ತಲೆಯೆತ್ತದೆ, ಹೆಬ್ಬೆರಳಲ್ಲಿ
ಬೆನ್ನ ಹಿಂದಿನ ಕಡಲು ತೋರಿಸುತ್ತಾನೆ.
ಅಲ್ಲಿ, ಗಡ್ಡೆ ಸೀಳುತ್ತ, ಬೆಳ್ಳಗೆ,
ಬರುತ್ತಿರುತ್ತದೆ.